ಹೆಗಡೆಯವರ ಅಂಗಳದಲ್ಲಿ ಕೂತವರು

೬ ಜನವರಿ ೧೯೩೩, ಶುಕ್ರವಾರ. ಸಿದ್ದಾಪುರ

ರಮಜಾನಿನ ಎಂಟನೆಯ ರೋಜಾ, ಹಗಲಿನ ಉಪವಾಸ. ಮಧ್ಯಾಹ್ನದ ಮೇಲೆ ತಲೆ ಸ್ವಲ್ಪ ಸುತ್ತಿತು. ದವಾಖಾನೆಯ ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡೆ. ಡಾಕ್ಟರ್ ನಾಡಕರ್ಣಿಯವರು ನೋಡಿಯೂ ನೋಡದವರಂತೆ ಇದ್ದರು. ಒಳ್ಳೆಯ ಮನುಷ್ಯ. ನನ್ನನ್ನು ಕಾಯಂ ಮಾಡಬೇಕೆಂದು ಶಿಫಾರಸು ಬರೆದು ಕಾರವಾರಕ್ಕೆ ಕಳಿಸಿದ್ದಾರಂತೆ. "ಎರಡು ತಿಂಗಳು ಯಾವ ತಕರಾರೂ ಬಾರದಂತೆ ನೋಡಿಕೊಳ್ಳಿ ಬದ್ರುನ್ನಿಸಾಬಾಯಿ. ಆಮೇಲೆ ನಿಮ್ಮನ್ನು ಯಾರೂ ಅಲುಗಾಡಿಸುವುದಿಲ್ಲ" ಎಂದರು.

ಆರು ವರ್ಷದಿಂದ ನಾನು ಇಲ್ಲಿ ಹಂಗಾಮಿ ಸೂಲಗಿತ್ತಿ. ಜನ ನರ್ಸಬಾಯಿ ಎನ್ನುತ್ತಾರೆ, ಸರಕಾರದ ಕಾಗದದಲ್ಲಿ ಮಾತ್ರ 'ಹಂಗಾಮಿ'. ಯಜಮಾನರು ಇನ್‌ಫ್ಲುಯೆಂಜಾ ವರ್ಷ ತೀರಿಕೊಂಡ ಮೇಲೆ ಯಲ್ಲಾಪುರ ಬಿಟ್ಟು ಧಾರವಾಡಕ್ಕೆ ಹೋಗಿ ಈ ವಿದ್ಯೆ ಕಲಿತೆ. ಆಗಿನಿಂದ ನನಗೆ ಬೇಕಾದದ್ದು ಇದೊಂದೇ, ಕಾಯಂ ಎಂಬ ಎರಡಕ್ಷರ.

ಈ ವಹಿಯನ್ನು ಸಿರಸಿಯಿಂದ ತಂದುಕೊಟ್ಟವನು ತಮ್ಮ ಅಖ್ತರ್. ಸಿರಸಿ-ಸಿದ್ದಾಪುರದ ಮೋಟಾರು ಓಡಿಸುತ್ತಾನೆ. ಅವನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇವತ್ತು ಹೇರೂರಿನ ದಾರಿಯಲ್ಲಿರುವ ಹೊನ್ನೆಕೈಗೆ ಹೋಗಿದ್ದೆ. ಅಲ್ಲಿ ಜಿನಸಿ ಅಂಗಡಿ ಇಟ್ಟಿರುವ ಮಂಜಪ್ಪ ಹೆಗಡೆಯವರು ಗಾಡಿ ಕಳಿಸಿದ್ದರು. ಹೆಂಡತಿ ಸುಬ್ಬಲಕ್ಷ್ಮಿಗೆ ಎಂಟನೆಯ ತಿಂಗಳು. ವಯಸ್ಸು ಇಪ್ಪತ್ನಾಲ್ಕು, ಹಿಂದಿನ ಎರಡು ಮಕ್ಕಳೂ ವಾರ ತುಂಬುವುದರೊಳಗೆ ಹೋದವು. ಕಾಲು ಸ್ವಲ್ಪ ಊದಿದೆ. ಕಟ್ಟಿಗೆಯ ನಳಿಗೆ ಹೊಟ್ಟೆಗೆ ಇಟ್ಟು ಕೇಳಿದೆ. ಮಗುವಿನ ಎದೆಬಡಿತ ಚೆನ್ನಾಗಿದೆ.

"ಬಾಯೀ, ಈ ಸಲ ಉಳಿತಾ?" ಎಂದು ಕೇಳಿದಳು.

"ಹೊಟ್ಟೆ ತುಂಬ ಉಣ್ಣು ತಂಗೀ. ಉಳಿದದ್ದು ನನಗೆ ಬಿಡು" ಎಂದೆ.

ಅತ್ತೆ ಸೀತಮ್ಮ ನಾನು ಕೂತೆದ್ದ ಜಾಗಕ್ಕೆ ನೀರು ಹಾಕಿದರು. ಹಾಕಲಿ. ಮಗು ಬರುವಾಗ ಕೈ ಹಿಡಿಯಬೇಕಾದವಳು ನಾನೇ.

೧೦ ಜನವರಿ, ಮಂಗಳವಾರ

ಹೊನ್ನೆಕೈಯಲ್ಲಿ ಒಂದು ಪೀಕಲಾಟ ಶುರುವಾಗಿದೆ.

ಹೆಗಡೆಯವರ ಅಂಗಳದ ಚಪ್ಪರದ ಕೆಳಗೆ ಒಬ್ಬ ಹೆಂಗಸು ಬಂದು ಕೂತಿದ್ದಾಳೆ. ಹೆಸರು ಚೌಡಮ್ಮ, ಐವತ್ತರ ಹತ್ತಿರ. ಬೆಳೆ ಕೈಕೊಟ್ಟದ್ದರಿಂದ ಸರಕಾರಕ್ಕೆ ತೀರ್ವೆ ಕೊಡುವುದಿಲ್ಲವೆಂದು ಈ ಸೀಮೆಯ ಜನ ಹಟ ಹಿಡಿದದ್ದು, ಸರಕಾರ ಅವರ ಗದ್ದೆ ತೋಟ ಹರಾಜು ಹಾಕಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆಕೆಯ ಗಂಡ ತಿಮ್ಮ ಅದರಲ್ಲೇ ಹಿಂಡಲಗಿ ಜೈಲಿಗೆ ಹೋದ. ಅವನ ಗದ್ದೆಯ ಹರಾಜಿನಲ್ಲಿ ಊರವರು ಯಾರೂ ಸವಾಲು ಹಾಕಲಿಲ್ಲ. ಮಂಜಪ್ಪ ಹೆಗಡೆಯವರು ಹಾಕಿದರು, ಗದ್ದೆ ಅವರದಾಯಿತು. ಈಗ ಗದ್ದೆ ಬಿಟ್ಟುಕೊಡುವವರೆಗೆ ಅನ್ನ ಮುಟ್ಟುವುದಿಲ್ಲವೆಂದು ಆ ಹೆಂಗಸು ಕೊಂಡವರ ಮನೆ ಎದುರಿಗೇ ಕೂತಿದ್ದಾಳೆ. ಸರಕಾರದ ಎದುರು ಅಲ್ಲ, ಕಚೇರಿಯ ಎದುರು ಅಲ್ಲ! ಇಂಥದ್ದನ್ನು ನಾನು ಕಂಡದ್ದೂ ಇಲ್ಲ, ಕೇಳಿದ್ದೂ ಇಲ್ಲ.

ದೇವಕಿ ಎಂಬ ಹುಡುಗಿ ಜತೆಗಿದ್ದಾಳೆ. ನೀರು, ಉಪ್ಪು ಕೊಡುವುದು ಅವಳ ಕೆಲಸವಂತೆ.

ಸೀತಮ್ಮ ನನ್ನ ಕಂಡದ್ದೇ, "ಎಂತಾ ಕಾಲ ಬಂತು ನೋಡು ಬಾಯೀ! ಬಾಗ್ಲಲ್ಲಿ ಬಂದು ಕೂತ್ಕಂಡ್ರೆ ಗದ್ದೆ ಬತ್ತಾ?" ಎಂದರು.

ಹೆಗಡೆಯವರು ಅಂಗಡಿಯಲ್ಲಿ ತಕ್ಕಡಿ ಒರೆಸುತ್ತ ನಿಂತಿದ್ದರು. "ಕದ್ದು ತಗಂಡಿದ್ನಿಲ್ಲೆ. ಸರಕಾರ ಹರಾಜು ಹಾಕ್ತು, ಆನು ತಗಂಡೆ. ಎನ್ನದು ಎಂತ ತಪ್ಪು?" ಎಂದರು. ನಾನು ಕೇಳಿರಲಿಲ್ಲ.

ನನಗೂ ಆಕೆಯ ಮೇಲೆ ಸಿಟ್ಟೇ ಬಂತು. ಒಳಗೆ ತುಂಬು ಬಸುರಿ ಇರುವ ಮನೆ, ಅಲ್ಲಿ ಹೀಗೆ ಮಾಡಬಹುದೆ? ನಾಳೆ ನಾಡಿದ್ದರಲ್ಲಿ ಎದ್ದು ಹೋಗುತ್ತಾಳೆ. ಹಸಿವು ಎಂಥದೆಂದು ನನಗೆ ಗೊತ್ತು.

೧೧ ಜನವರಿ, ಬುಧವಾರ

ಬೇಡವಾದದ್ದು ನನ್ನ ತಲೆಗೇ ಬಂತು. ಮಾಮಲೇದಾರರ ಕಚೇರಿಯಿಂದ ಒಬ್ಬ ಕಾರಕೂನ ಬಂದಿದ್ದ. ಧಾರವಾಡದ ಕಡೆಯವನು, ಕರೀ ಟೊಪ್ಪಿಗೆ. ಆ ಹೆಂಗಸನ್ನು ದಿನಾ ಪರೀಕ್ಷೆ ಮಾಡಿ ರಿಪೋರ್ಟು ಕೊಡಬೇಕಂತೆ, ನಿಜವಾಗಿ ಉಪವಾಸವೋ ಕದ್ದು ತಿನ್ನುತ್ತಾಳೋ ಎಂದು. ಡಾಕ್ಟರು ನನ್ನ ಕಡೆ ನೋಡಿದರು. ಹೆಂಗಸಿನ ಮೈ ಮುಟ್ಟಿ ನೋಡುವವಳು ನಾನು, ಹೊನ್ನೆಕೈಗೆ ಹೇಗೂ ಹೋಗುವವಳು ನಾನು.

"ಕಳ್ಳತನಾ ಹಿಡೀರಿ ಬಾಯಾರ. ಸಾಹೇಬರು ನಿಮ್ಮನ್ನ ಮರಿಯೂದಿಲ್ಲ" ಎಂದ ಕಾರಕೂನ.

ಹಿಡಿಯುವುದೇನು ಕಷ್ಟ. ಸಂಜೆ ಖರ್ಜೂರ ಬಾಯಿಗೆ ಬೀಳುತ್ತದೆ ಎಂಬ ಧೈರ್ಯದ ಮೇಲೆ ನಾನು ಹಗಲು ತಳ್ಳುತ್ತೇನೆ. ಆ ಧೈರ್ಯವೂ ಇಲ್ಲದೆ ಯಾರು ಕೂತಿರುತ್ತಾರೆ? ಎಲ್ಲೋ ಸೆರಗಿನ ಮರೆಯಲ್ಲಿ ಅವಲಕ್ಕಿ ಇರುತ್ತದೆ.

೧೩ ಜನವರಿ, ಶುಕ್ರವಾರ

ಅವಲಕ್ಕಿ ಇಲ್ಲ.

ಬೆಳಿಗ್ಗೆ ಹೇಳದೆ ಕೇಳದೆ ಹೋದೆ. ಸೆರಗು, ಚಾಪೆ, ಹುಡುಗಿಯ ಬುಟ್ಟಿ ಎಲ್ಲ ನೋಡಿದೆ. ದೇವಕಿಗೆ ಮುಖ ಕೆಂಪಾಯಿತು. ಚೌಡಮ್ಮ ಮಾತ್ರ, "ನೋಡ್ಲಿ ಬಿಡೆ. ಅವ್ರ ಕೆಲ್ಸ ಅವ್ರು ಮಾಡ್ತಾರೆ" ಎಂದಳು.

ನಾಲಿಗೆ ಒಣಗಿದೆ, ಬಿಳಿ ಕಟ್ಟಿದೆ. ನಾಡಿ ತೆಳು. ಬಾಯಿಯಿಂದ ಕೊಳೆತ ಹಣ್ಣಿನಂಥ ವಾಸನೆ. ಹೊಟ್ಟೆಗೆ ಏನೂ ಬೀಳದೆ ಮೈ ತನ್ನನ್ನೇ ತಾನು ತಿನ್ನತೊಡಗಿದಾಗ ಬರುವ ವಾಸನೆ ಅದು, ಧಾರವಾಡದಲ್ಲಿ ನಮಗೆ ಕಲಿಸಿದ್ದರು. ಹಲ್ಲುಜ್ಜಿದರೂ ಹೋಗದು, ನಾಟಕ ಮಾಡಿದರೂ ಬರದು.

ನಾನು ಗಡಿಯಾರ ನೋಡುತ್ತ ನಾಡಿ ಎಣಿಸುತ್ತಿದ್ದರೆ ಆಕೆ ನನ್ನ ಮುಖ ನೋಡುತ್ತಿದ್ದಳು.

"ನೀವೂ ಉಪಾಸವಾ ಬಾಯೋರೆ? ತುಟಿ ಒಣಗ್ಯದೆ."

"ರಮಜಾನು" ಎಂದೆ.

"ಎಷ್ಟ್ ದಿನ?"

"ಚಂದ್ರ ಕಾಣುವವರೆಗೆ. ಇಪ್ಪತ್ತೊಂಬತ್ತೋ ಮೂವತ್ತೋ."

"ಅಷ್ಟೂ ದಿನ ಹಗಲೆಲ್ಲ ನೀರೂ ಇಲ್ದೆ ಈ ಬಿಸಿಲಲ್ಲಿ ಇಲ್ಲಿಗೆ ನಡಕಂಡು ಬತ್ರಾ? ನಾನಾದ್ರೆ ಕೂತಲ್ಲೇ ಕೂತೀನಿ. ನಿಮ್ದೇ ಕಷ್ಟ."

ಮೂರು ಹೊತ್ತು ಉಣ್ಣುವವರು ಯಾರೂ ಈ ತಿಂಗಳು ನನಗೆ ಈ ಮಾತು ಹೇಳಿರಲಿಲ್ಲ.

ರಿಪೋರ್ಟಿನಲ್ಲಿ 'ಆಹಾರ ಸೇವಿಸಿದ ಕುರುಹು ಇಲ್ಲ' ಎಂದು ಬರೆದುಕೊಟ್ಟೆ.

೧೪ ಜನವರಿ, ಶನಿವಾರ

ಸಂಕ್ರಾಂತಿ. ಸೀತಮ್ಮ ಬಂದವರಿಗೆಲ್ಲ ಸಕ್ಕರೆ ಲೇಪಿಸಿದ ಸಂಕ್ರಾಂತಿ ಕಾಳು ಹಂಚುತ್ತ ಚಪ್ಪರದ ಹತ್ತಿರ ಬಂದು ನಿಂತುಬಿಟ್ಟರು. ಹಬ್ಬದ ದಿನ ಅಂಗಳದಲ್ಲಿದ್ದವರಿಗೆ ಕೊಡದೆ ಹೇಗೆ ಹೋಗುವುದು? ಕಡೆಗೆ ಮುಖ ಬೇರೆ ಕಡೆ ಮಾಡಿ ನಾಲ್ಕು ಕಾಳು ಮೇಲಿನಿಂದ ಹಾಕಿದರು. ಚೌಡಮ್ಮ ಎರಡೂ ಕೈ ಒಡ್ಡಿ ತೆಗೆದುಕೊಂಡು, ಕಣ್ಣಿಗೆ ಒತ್ತಿ, ಸೆರಗಿನ ತುದಿಗೆ ಕಟ್ಟಿಕೊಂಡಳು. ತಿನ್ನಲಿಲ್ಲ.

ಸೀತಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಸುಮ್ಮನೆ ಸದ್ದು ಮಾಡುತ್ತಿದ್ದರು.

೧೬ ಜನವರಿ, ಸೋಮವಾರ

ಇದನ್ನು ಮೊದಲೇ ಗಮನಿಸಬೇಕಿತ್ತು. ನನ್ನ ಕಣ್ಣೆಲ್ಲ ಅಂಗಳದ ಮೇಲಿತ್ತು, ಒಳಗಿನವಳನ್ನು ಸರಿಯಾಗಿ ನೋಡಲಿಲ್ಲ.

ಸುಬ್ಬಲಕ್ಷ್ಮಿಯ ಕೆನ್ನೆ ಇಳಿದಿದೆ. ಏನು ಉಂಡೆ ಎಂದರೆ ಅನ್ನ, ತಂಬಳಿ, ಹಾಲು ಎಂದು ಗಿಳಿಪಾಠ ಒಪ್ಪಿಸಿದಳು. ಬಗ್ಗಿ ಹೊಟ್ಟೆಗೆ ನಳಿಗೆ ಇಡುವಾಗ ಅವಳ ಉಸಿರು ಮುಖಕ್ಕೆ ತಾಗಿತು. ಅದೇ ವಾಸನೆ. ಅಂಗಳದಲ್ಲಿರುವವಳಿಗಿಂತ ಕಡಿಮೆ, ಆದರೆ ಅದೇ.

ಬಾಗಿಲು ಮುಂದೆ ಮಾಡಿ ಕೇಳಿದೆ. ಮೊದಲು ಅತ್ತಳು. ಅವಳ ಪಾಲಿನ ಅನ್ನ ನಾಲ್ಕು ದಿನದಿಂದ ಕೊಟ್ಟಿಗೆಯ ಕರುವಿಗೆ ಹೋಗುತ್ತಿದೆ.

"ಬಾಗ್ಲಲ್ಲಿ ಒಂದು ಹೆಂಗಸು ಉಪವಾಸ ಕೂತಿದ್ದು. ಆನು ಒಳಗೆ ಕೂತ್ಕಂಡು ಹೆಂಗೆ ಉಣ್ಲಿ ಬಾಯೀ? ತುತ್ತು ಇಳಿತಿಲ್ಲೆ."

"ನಿನ್ನ ಹೊಟ್ಟೆಯಲ್ಲಿ ಇರುವುದಕ್ಕೆ ಗದ್ದೆಯೂ ಗೊತ್ತಿಲ್ಲ, ಹರಾಜೂ ಗೊತ್ತಿಲ್ಲ" ಎಂದು ಗದರಿದೆ.

"ಅದು ಹುಟ್ಟಿದ ಮೇಲೆ ಉಂಬ ಅನ್ನ ಯಾವ ಗದ್ದೆದು? ಎಂಗಳ ಮನೆಯವ್ವು ಆ ಗದ್ದೆ ತಗಂಡಿದ್ದೇ ಈ ಮಗುಗೆ ಹೇಳಿ. ಹಿಸೆಯಲ್ಲಿ ಇವರ ಅಣ್ಣಂದಿರಿಗೆ ತೋಟ ಹೋತು, ಎಂಗಳಿಗೆ ಅಂಗಡಿ ಒಂದೇ ಉಳತ್ತು. ಮಗುಗೆ ಒಂದು ಗದ್ದೆ ಇರಲಿ ಹೇಳಿ ಆಸೆ ಪಟ್ಟ. ಕೆಟ್ಟವ್ವು ಅಲ್ಲ ಬಾಯೀ ಅವ್ವು." ಸ್ವಲ್ಪ ತಡೆದು ಹೇಳಿದಳು, "ಎರಡು ಮಕ್ಕ ಹೋತು. ಇನ್ನೊಬ್ಬರ ಕಣ್ಣೀರಿನ ಗದ್ದೆಯಲ್ಲಿ ಮೂರನೇದು ಉಳಿತಾ?"

ಅವಳ ಎದುರಿಗೇ ಕೂತು ಒಂದು ಲೋಟ ಹಾಲು ಕುಡಿಸಿದೆ. ನಾನು ಹೊರಡುವ ಮೊದಲೇ ಹಿತ್ತಿಲಿಗೆ ಹೋಗಿ ಕಾರಿದಳು. ಬೇಕೆಂದು ಮಾಡಿದ್ದಲ್ಲ. ಗಂಟಲು ಒಪ್ಪುತ್ತಿಲ್ಲ.

ಗಂಡನಿಗೆ ಹೇಳಬೇಡಿ ಎಂದು ಕೈ ಹಿಡಿದು ಬೇಡಿಕೊಂಡಳು. ಸುಮ್ಮನೆ ಬಂದೆ. ತಪ್ಪು ಮಾಡಿದೆನೋ ಏನೋ.

೧೭ ಜನವರಿ, ಮಂಗಳವಾರ

ಕಾರಕೂನ ಬರೆದ ಕಾಗದವನ್ನೇ ತಂದಿದ್ದ. 'ಸದರಿ ಹೆಂಗಸು ಕದ್ದು ಗಂಜಿ ಸೇವಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.' ಕೆಳಗೆ ನನ್ನ ಹೆಸರು ಆಗಲೇ ಇತ್ತು.

"ಸಹಿ ಅಷ್ಟ ಮಾಡ್ರಿ. ನಿಮ್ಮ ಕಾಯಮ್ಮಿನ ಕಾಗದ ಕಾರವಾರದಾಗ ಸಾಹೇಬರ ಮೇಜಿನ ಮ್ಯಾಲೈತಿ. ನಾ ನೋಡಿ ಬಂದೀನಿ."

ಡಾಕ್ಟರು ಔಷಧದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಅವರಿಗೂ ಹೆಂಡತಿ ಮಕ್ಕಳಿದ್ದಾರೆ.

ಲೇಖನಿ ಕೈಗೆ ತೆಗೆದುಕೊಂಡದ್ದು ನಿಜ. ಯಾರಿಗೂ ತೋರಿಸದ ವಹಿಯಲ್ಲಿ ಸುಳ್ಳು ಬರೆದು ಏನು? ಶಾಯಿಯಲ್ಲಿ ಅದ್ದಿದ್ದೂ ನಿಜ. ಆಮೇಲೆ, ರೋಜಾದಲ್ಲಿದ್ದೇನೆ, ಹಬ್ಬ ಆಗಲಿ, ನೋಡೋಣ ಎಂದು ಕೆಳಗಿಟ್ಟೆ. ಇದೇನು ಧೈರ್ಯವಲ್ಲ, ದಿನ ತಳ್ಳಿದ್ದು.

ಸಂಜೆ ಅಖ್ತರ್ ಬಂದ. ಅವನಿಗೆ ಹೇಳಿದೆ. "ಆಪಾ, ಆ ಹೆಂಗಸಿಗೆ ನೀನು ಏನಾಗಬೇಕು? ಸಹಿ ಹಾಕಿ ನಿನ್ನ ಪಾಡು ನೋಡಿಕೋ" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಜಫ್ತಿ ಮಾಡಿದ ಪಾತ್ರೆ ಪಗಡ ಹೇರಲು ನಮ್ಮ ಮೋಟಾರು ಕೇಳಿದ್ದರು. ಯಂತ್ರ ಕೆಟ್ಟಿದೆ ಅಂದುಬಿಟ್ಟೆ" ಎಂದ. ನಗು ಬಂತು. ಇಬ್ಬರೂ ನಕ್ಕೆವು.

೧೮ ಜನವರಿ, ಬುಧವಾರ

ಇವತ್ತು ನಾನು ಮಾಡಿದ್ದು ಸರಿಯೋ ತಿಳಿಯದು.

ಮಗುವಿನ ಎದೆಬಡಿತ ಎಂದಿನಷ್ಟು ಗಟ್ಟಿಯಾಗಿ ಕೇಳಲಿಲ್ಲ. ಸೀದಾ ಅಂಗಳಕ್ಕೆ ಬಂದು ಚೌಡಮ್ಮನ ಎದುರು ಕೂತೆ. ಒಂಬತ್ತು ದಿನದಲ್ಲಿ ಆಕೆ ಅರ್ಧವಾಗಿದ್ದಾಳೆ, ಬಳೆ ಮೊಣಕೈವರೆಗೆ ಜಾರುತ್ತದೆ.

"ಚೌಡಮ್ಮ, ಒಳಗಿರುವ ಹುಡುಗಿ ನಿನ್ನಿಂದಾಗಿ ಉಣ್ಣುತ್ತಿಲ್ಲ. ಹೀಗೇ ಆದರೆ ಮಗು ಉಳಿಯುವುದಿಲ್ಲ. ನೀನು ಇಲ್ಲಿಂದ ಏಳಬೇಕು."

ದೇವಕಿ ಹಾರಿಬಿದ್ದಳು. "ಅದು ಅವ್ರ ಮನೆ ಕರ್ಮ! ಗದ್ದೆ ಬಿಟ್ರೆ ಮುಗೀತಲ್ಲ?"

ಚೌಡಮ್ಮ ಕೈಯೆತ್ತಿ ಅವಳನ್ನು ತಡೆದಳು. ಆಮೇಲೆ ತನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಎಂದಳು. ನಾನೂ ದೇವಕಿಯೂ ಹಿಡಿದು ನಡೆಸಿದೆವು. ಕಿಟಕಿಯ ಸರಳಿನ ಆಚೆ ಸುಬ್ಬಲಕ್ಷ್ಮಿ ನಿಂತಿದ್ದಳು.

"ಸಣ್ಣಮ್ಮಾ, ನೀವು ಉಣ್ಣಿ. ನಾ ಕೂತದ್ದು ನಿಮ್ಮ ಮ್ಯಾಲಲ್ಲ."

"ನೀ ಉಂಡ್ರೆ ಆನು ಉಣ್ತೆ ಚೌಡಮ್ಮ."

"ನಾ ಉಂಬಕಾಗೂದಿಲ್ಲ. ಇಪ್ಪತ್ತು ವರ್ಷ ಆ ಗದ್ದೆ ಮಣ್ಣು ಮೈಗೆ ಹತ್ತಿಸ್ಕಂಡೀನಿ. ನಮ್ಮೋರು ಜೈಲಿಂದ ಬಂದು ಎಲ್ಲಿ ನಿಂತ್ಕಬೇಕು?"

"ಹಂಗಾದ್ರೆ ಎಂಗೂ ಆಗ್ತಿಲ್ಲೆ."

ಇಬ್ಬರೂ ಸರಳು ಹಿಡಿದುಕೊಂಡು ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಕೊನೆಗೆ ಚೌಡಮ್ಮ ನನ್ನ ಕಡೆ ತಿರುಗಿ, "ಕೂಸಿನ ಜೀವ ತಗಂಡು ಗದ್ದೆ ತಗಳೂದು ನಂಗೆ ಬ್ಯಾಡ ಬಾಯೋರೆ. ನಾಳೆ ಒಂದಿನ ಬಿಡಿ. ಶುಕ್ರವಾರ ಏಳ್ತೀನಿ" ಎಂದಳು.

ದೇವಕಿ ಅಳುತ್ತಿದ್ದಳು. ನಾನು ಕೇಳಿದ್ದು ನನಗೆ ಸಿಕ್ಕಿತು. ಸಂತೋಷವಾಗಬೇಕಿತ್ತು. ಸಂಜೆ ಖರ್ಜೂರ ಬಾಯಲ್ಲಿಟ್ಟರೆ ರುಚಿಯೇ ಹತ್ತಲಿಲ್ಲ.

೧೯ ಜನವರಿ, ಗುರುವಾರ

ಹೋಗಲಿಲ್ಲ. ಜ್ವರ ಎಂದು ಡಾಕ್ಟರಿಗೆ ಹೇಳಿಕಳಿಸಿದೆ. ಜ್ವರ ಇರಲಿಲ್ಲ.

೨೦ ಜನವರಿ, ಶುಕ್ರವಾರ

ಆದದ್ದನ್ನು ಆದಂತೆ ಬರೆಯುತ್ತೇನೆ.

ಮಧ್ಯಾಹ್ನ ಹೊನ್ನೆಕೈಗೆ ಹೋದಾಗ ಚಪ್ಪರದ ಸುತ್ತ ಜನ ಸೇರಿದ್ದರು. ಚೌಡಮ್ಮ ಎದ್ದಳು. ಹನ್ನೊಂದನೆಯ ದಿನ. ಗೆದ್ದವಳಂತೆಯೂ ಅಲ್ಲ, ಸೋತವಳಂತೆಯೂ ಅಲ್ಲ, ಕೆಲಸ ಮುಗಿಸಿ ಮನೆಗೆ ಹೊರಟವಳಂತೆ ಚಾಪೆ ಸುತ್ತಿದಳು. ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ ಹೆಗಡೆಯವರಿಗೆ ಕೈಮುಗಿದು, "ಹೆಗಡೇರೆ, ಸಣ್ಣಮ್ಮಂಗೆ ಉಂಬಕೆ ಹೇಳಿ. ನಾ ಹೋದೆ" ಎಂದಳು.

ಹೆಗಡೆಯವರಿಗೆ ಏನೂ ಅರ್ಥವಾಗಲಿಲ್ಲ. "ಎಂತ? ಅದು ಉಣ್ತಿಲ್ಯ?" ಎಂದು ನನ್ನನ್ನು ಕೇಳಿದರು. ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ, ಕರುವಿನ ವಿಷಯವನ್ನೂ. ಅವರ ಮುಖ ಸುಣ್ಣದಂತಾಯಿತು. "ಅದಕ್ಕೇ ಚೌಡಮ್ಮ ಏಳುತ್ತಿದ್ದಾಳೆ. ನಿಮ್ಮ ಮಗುವಿಗಾಗಿ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಸುಬ್ಬಲಕ್ಷ್ಮಿ ಬಂದಳು. ಒಂದು ಕೈ ಬೆನ್ನ ಮೇಲೆ, ಇನ್ನೊಂದು ಕೈಯಲ್ಲಿ ತನ್ನ ಚಾಪೆ. ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು, ಚಪ್ಪರದ ಕೆಳಗೆ ಚೌಡಮ್ಮ ಬಿಟ್ಟ ಜಾಗದಲ್ಲೇ ಹಾಸಿ ಕೂತಳು.

"ಹುಚ್ಚು ಹಿಡತ್ತ ನಿಂಗೆ? ಒಳಗೆ ಬಾ!" ಎಂದರು ಹೆಗಡೆಯವರು.

"ಚೌಡಮ್ಮ ಎದ್ದು ಹೋತು. ಎಂಗಳ ಮನೆ ತಪ್ಪು ಎದ್ದು ಹೋಯ್ದಿಲ್ಲೆ" ಎಂದಳು. ದನಿ ದೊಡ್ಡದಿರಲಿಲ್ಲ, ಎಲ್ಲರಿಗೂ ಕೇಳಿತು. "ನಿಂಗ ಗದ್ದೆ ಬಿಟ್ಟುಕೊಡಿ. ಅಲ್ಲಿವರಿಗೆ ಆನು ಇಲ್ಲೇ ಕೂರ್ತೆ."

ಕೊಂಡವನ ಹೆಂಡತಿಯೇ ಕೊಂಡವನ ಅಂಗಳದಲ್ಲಿ! ರಸ್ತೆಯ ಮೋರಿಯವರೆಗೆ ಹೋಗಿದ್ದ ಚೌಡಮ್ಮ ದೇವಕಿಯ ಹೆಗಲು ಹಿಡಿದು ತಿರುಗಿ ಬಂದಳು. "ಇದೆಂಥ ಮಾಡ್ಕಂಡ್ರಿ ಸಣ್ಣಮ್ಮಾ" ಎನ್ನುತ್ತ ಅವಳ ಪಕ್ಕದಲ್ಲೇ ಕುಸಿದಳು. ಇಷ್ಟು ದಿನ ಮುಟ್ಟಿದ್ದಕ್ಕೆಲ್ಲ ನೀರು ಹಾಕುತ್ತಿದ್ದ ಸೀತಮ್ಮ ಓಡಿಬಂದು ಇಬ್ಬರ ನಡುವೆ ಕೂತು ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು. ಅವರ ಮೊಣಕಾಲು ಚೌಡಮ್ಮನ ಮೊಣಕಾಲಿಗೆ ತಾಗಿತ್ತು. ಅವರಿಗೆ ಅದರ ಗಮನ ಇರಲಿಲ್ಲ.

ಹೆಗಡೆಯವರು ಕದಲಲಿಲ್ಲ. "ಎನ್ನ ಮಾನ ಬೀದಿಗೆ ಬಂತು" ಎಂದಷ್ಟೇ ಹೇಳಿದರು. ಹಾಗೇ ಒಂದು ತಾಸು ಕಳೆಯಿತು, ಎರಡಾಯಿತು. ಅಂಗಡಿಯ ಒಳಗೆ ಹೋಗುವುದು, ಹೊರಗೆ ಬರುವುದು. ಬಿಸಿಲು ಇಳಿಯಿತು.

ನನಗೆ ಆಗ ಏನು ಹೊಳೆಯಿತೋ. ಸೀತಮ್ಮನಿಗೆ ಹೇಳಿ ಸೀರೆಯೊಂದನ್ನು ಮರೆ ಹಿಡಿಸಿದೆ. ಹೆಗಡೆಯವರನ್ನು ಕರೆದೆ. ಬರಲಿಲ್ಲ. ಹೋಗಿ ಎದುರು ನಿಂತು, "ಹೆಗಡೇರೆ, ಬನ್ನಿ. ನೀವು ಇದನ್ನು ಒಂದು ಸಲ ಕೇಳಬೇಕು" ಎಂದೆ. ನನ್ನ ದನಿ ಹೇಗಿತ್ತೋ, ಬಂದರು. ಮರೆಯ ಒಳಗೆ ಕಟ್ಟಿಗೆಯ ನಳಿಗೆಯನ್ನು ಸುಬ್ಬಲಕ್ಷ್ಮಿಯ ಹೊಟ್ಟೆಗೆ ಇಟ್ಟು, ಕಿವಿ ಕೊಡಿ ಎಂದೆ. ಗಂಡಸರು ಕೇಳುವುದುಂಟೆ ಎಂದು ಸೀತಮ್ಮ ಅರ್ಧ ಹೇಳಿ ನಿಲ್ಲಿಸಿದರು.

ಅವರು ಮಂಡಿಯೂರಿ ಕಿವಿಯಿಟ್ಟರು. ಮೊದಲು ಏನೂ ಕೇಳಿಸದವರಂತೆ ಹುಬ್ಬು ಗಂಟಿಕ್ಕಿದರು. ಆಮೇಲೆ ಅಲುಗಾಡಲಿಲ್ಲ.

"ಇಷ್ಟು ಜೋರು ಓಡ್ತ ಇದು?" ಎಂದು ಪಿಸುಗುಟ್ಟಿದರು.

"ಹೌದು. ಈಗ ಓಡುತ್ತಾ ಇದೆ" ಎಂದೆ.

ಅವರು ಎಷ್ಟು ಹೊತ್ತು ಹಾಗೆ ಇದ್ದರೋ. ಎದ್ದಾಗ ಕಿವಿಯ ಮೇಲೆ ನಳಿಗೆಯ ಗುಂಡು ಗುರುತು ಮೂಡಿತ್ತು. ಅಂಗಡಿಗೆ ಹೋಗಿ ಒಂದು ಕಾಗದ ಬರೆದು ತಂದು ಎಲ್ಲರ ಎದುರು ಓದಿದರು. ಹರಾಜಿನಲ್ಲಿ ಪಡೆದ ಗದ್ದೆ ತನಗೆ ಬೇಡ, ಇನ್ನು ಅದರಲ್ಲಿ ಕಾಲಿಡುವುದಿಲ್ಲ, ತಿಮ್ಮನ ಮನೆಯವರೇ ಉತ್ತು ಬಿತ್ತಲಿ. ಕಾಗದವನ್ನು ಚೌಡಮ್ಮನ ಕೈಗೆ ಕೊಟ್ಟು, "ಎಂಗೆ ಹಾಕಿದ ಶಾಪ ತೆಗೆ" ಎಂದರು.

"ಹಾಕಿದ್ರೆ ಅಲ್ದ ತೆಗೆಯೂದು" ಎಂದಳು ಚೌಡಮ್ಮ.

ಗಂಜಿ ತೆಳ್ಳಗೆ ಮಾಡಿಸಿ, ಉಪ್ಪು ಹಾಕಿಸಿ, ಚಮಚೆಯಲ್ಲಿ ನಾನೇ ಕುಡಿಸಿದೆ. ಒಮ್ಮೆಗೇ ಕೊಟ್ಟರೆ ಜೀವಕ್ಕೆ ಅಪಾಯ. ಅವಳಿಗೊಂದು ಚಮಚೆ, ಇವಳಿಗೊಂದು ಚಮಚೆ. ಸುಬ್ಬಲಕ್ಷ್ಮಿ ಕಾರಲಿಲ್ಲ. ದೇವಕಿ ನನ್ನ ಕೈಗೆ ನೀರಿನ ಚೊಂಬು ಕೊಟ್ಟು, "ಬಾಯೋರೆ, ಹೊತ್ತು ಮುಳುಗಿ ಎಷ್ಟೊತ್ತಾತು! ನೀವು ಉಪಾಸ ಬಿಡ್ಲೇ ಇಲ್ವಲ್ಲ" ಎಂದಾಗಲೇ ನನಗೆ ನನ್ನ ರೋಜಾ ನೆನಪಾದದ್ದು.

೨೧ ಜನವರಿ, ಶನಿವಾರ

ಕಾರಕೂನ ಬೆಳಿಗ್ಗೆಯೇ ಬಂದ. ಆ ಕಾಗದ ಈಗಲೂ ಬೇಕಂತೆ. ಹೀಗೆ ಒಂದು ಮನೆಯಲ್ಲಿ ಗೆದ್ದರೆ ಹತ್ತು ಮನೆ ಎದುರು ಹೋಗಿ ಕೂರುತ್ತಾರೆ, ಅವಳದು ಬೂಟಾಟಿಕೆ ಎಂದು ದಾಖಲೆ ಇರಲಿ ಎಂದು.

ಬೇರೆ ಹಾಳೆ ತೆಗೆದುಕೊಂಡು ನನ್ನ ಕೈಯಲ್ಲೇ ಬರೆದೆ. 'ಹನ್ನೊಂದು ದಿನ ನೀರು, ಉಪ್ಪಿನ ಹೊರತು ಏನೂ ಸೇವಿಸಿಲ್ಲ. ಹೋದ ದಿನವೆಲ್ಲ ಮೈ ಮುಟ್ಟಿ ಪರೀಕ್ಷಿಸಿದ್ದೇನೆ.' ಪೂರ್ತಿ ಹೆಸರು ಬರೆದು ಸಹಿ ಮಾಡಿದೆ.

"ವಿಚಾರ ಮಾಡ್ರಿ ಬಾಯಾರ" ಎಂದ.

ಡಾಕ್ಟರು ಬಾಟಲಿ ಕೆಳಗಿಟ್ಟು ಬಂದರು. ಹಾ‌ಳೆ ಓದಿದರು. ನನ್ನ ಸಹಿಯ ಕೆಳಗೆ 'ಸರಿಯಾಗಿದೆ' ಎಂದು ಬರೆದು ತಮ್ಮ ಸಹಿಯನ್ನೂ ಹಾಕಿದರು. ಕಾಯಂ ಮಾಡುವ ಶಿಫಾರಸಿನ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

೨೯ ಜನವರಿ, ರವಿವಾರ

ನಿನ್ನೆ ಹಬ್ಬ. ಅಖ್ತರನ ಮನೆಗೆ ಸಿರಸಿಗೆ ಹೋಗಿದ್ದೆ. ಮೋಟಾರಿನಲ್ಲಿ ಬರುವವರೆಲ್ಲ ಹೊನ್ನೆಕೈಯ ಸುದ್ದಿ ಮಾತಾಡುತ್ತಾರಂತೆ. "ಅದರಲ್ಲಿರುವ ನರ್ಸು ನನ್ನ ಆಪಾ ಎಂದು ನಾನು ಹೇಳಲಿಲ್ಲ" ಎಂದ. "ಯಾಕೆ?" ಎಂದೆ. "ಹೇಳಿದರೆ ಟಿಕೀಟಿನ ದುಡ್ಡು ಕೊಡದೆ ಕೂರುತ್ತಾರೆ" ಎಂದ.

೧೬ ಫೆಬ್ರವರಿ, ಗುರುವಾರ

ಹೆಣ್ಣು ಮಗು. ಬೆಳಿಗ್ಗೆ ಹತ್ತೂವರೆಗೆ. ಸಣ್ಣದು, ಆದರೆ ಅತ್ತ ದನಿ ಅಂಗಡಿಯವರೆಗೆ ಕೇಳಿದೆ. ಹೆಗಡೆಯವರು ತೂಗುತ್ತಿದ್ದ ಬೆಲ್ಲವನ್ನು ಹಾಗೇ ಬಿಟ್ಟು ಬಂದರಂತೆ. ಕಷ್ಟದ ಹೆರಿಗೆ. ಸೀತಮ್ಮ ಮೂರು ತಾಸು ನನ್ನ ಪಕ್ಕದಲ್ಲೇ ಇದ್ದು ಬಿಸಿನೀರು ಕೊಟ್ಟರು.

ವಾರ ಕಳೆಯಲಿ. ವಾರ ಕಳೆಯುವವರೆಗೆ ಏನೂ ಹೇಳುವುದಿಲ್ಲ. ದಿನಾ ಹೋಗಬೇಕು.

೨೪ ಫೆಬ್ರವರಿ, ಶುಕ್ರವಾರ

ವಾರ ಕಳೆಯಿತು. ನಿನ್ನೆಗೆ ಎಂಟು ದಿನ. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ. ಸುಬ್ಬಲಕ್ಷ್ಮಿ ನನ್ನ ಮುಖ ನೋಡಿ ನಕ್ಕಳು, ಏನೂ ಕೇಳಲಿಲ್ಲ.

ಕಾರವಾರದಿಂದ ಕಾಗದ ಬಂತು. ಹಂಗಾಮಿ ಸೂಲಗಿತ್ತಿಯ ಕೆಲಸ ಮಾರ್ಚಿ ಕೊನೆಗೆ ಮುಗಿಯುತ್ತದೆ, ಮುಂದುವರಿಸುವ ಅಗತ್ಯ ಕಾಣುವುದಿಲ್ಲ. ಡಾಕ್ಟರಿಗೆ ಬಹಳ ಬೇಜಾರು, ನನ್ನ ಎದುರು ಕೂತು ಕನ್ನಡಕ ಒರೆಸುತ್ತಲೇ ಇದ್ದರು. ನಾನೇ ಅವರಿಗೆ ಸಮಾಧಾನ ಹೇಳಬೇಕಾಯಿತು. ಸಿರಸಿಗೆ ಬಂದುಬಿಡು ಎನ್ನುತ್ತಾನೆ ಅಖ್ತರ್. ನೋಡೋಣ. ಹೇರೂರು ಕಡೆ ಇಬ್ಬರಿಗೆ ತಿಂಗಳು ತುಂಬುತ್ತ ಬಂತು, ಇನ್ನೊಬ್ಬಳಿಗೆ ಮೇ ತಿಂಗಳು. ಅವರನ್ನು ಬಿಟ್ಟು ಈಗ ಹೇಗೆ ಹೋಗುವುದು?

ಸಂಜೆ ದೇವಕಿ ಬಂದಿದ್ದಳು. ಚೌಡಮ್ಮ ಗದ್ದೆಗೆ ಗೊಬ್ಬರ ಹೊರುತ್ತಿದ್ದಾಳಂತೆ, ಬೇಡವೆಂದರೂ ಕೇಳುವುದಿಲ್ಲವಂತೆ. ನಾಳೆ ಇನ್ನೊಂದು ಊರಿನಲ್ಲಿ, ಹರಾಜಿನಲ್ಲಿ ತೋಟ ಕೊಂಡ ಇನ್ನೊಬ್ಬರ ಮನೆ ಎದುರು ದೇವಕಿಯೇ ಕೂರುತ್ತಾಳೆ. ಇಪ್ಪತ್ತು ವರ್ಷವೂ ಆಗಿಲ್ಲ, ಮೈಯಲ್ಲಿ ಮಾಂಸವಿಲ್ಲ. ನೀರಿಗೆ ಎಷ್ಟು ಉಪ್ಪು ಹಾಕಬೇಕೆಂದು ಅವಳಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಕೂರುವ ಮೊದಲೇ ನಾಡಿ ನೋಡಿ ಬರೆದಿಟ್ಟರೆ ಆಮೇಲೆ ತಾಳೆ ನೋಡಲು ಅನುಕೂಲ. ನಾಲ್ಕು ಮೈಲಿ ಇದೆ, ಬಿಸಿಲೇರುವ ಮೊದಲು ಹೊರಡಬೇಕು.